ಷೇರಿಗೆ ಮೂರು ಸೆಂಟು

ಇಪ್ಪತ್ತೆರಡು ವರ್ಷ ನಾನು ಆ ಕಂಪನಿಯ ಮಾಲೀಕಳಾಗಿದ್ದೆ. ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ.

ಸುಳ್ಳಲ್ಲ. ನನ್ನ ಹೆಸರಿನಲ್ಲಿ ಷೇರುಗಳಿದ್ದವು. ಷೇರು ಇದ್ದವರೇ ಮಾಲೀಕರು ಎಂದು ಕಂಪನಿಯವರೇ ಹೇಳುತ್ತಿದ್ದರು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ವಕೀಲರ ಕಾಗದ ಬರುತ್ತದೆ. ಈಗಾಗಲೇ ಬಂದಿರುವುದು ಒಂದು ಮೂಟೆ ಇದೆ, ಸಾಕು. ವಾಷಿಂಗ್ಟನ್ನಿನಲ್ಲಿ ಅದರ ಕಟ್ಟಡ. ಜನ ಬ್ಯಾಂಕಿನಲ್ಲಿ ಮನೆ ಸಾಲ ಮಾಡಿದರೆ ಆ ಸಾಲವನ್ನು ಬ್ಯಾಂಕಿನ ಕೈಯಿಂದ ಕೊಂಡುಕೊಳ್ಳುವುದು ಅದರ ಕಸುಬು. ದೇಶದ ಎಷ್ಟೋ ಮನೆಗಳ ಸಾಲದ ಪತ್ರ ಅವರ ಬಳಿ ಇತ್ತು.

ನನ್ನ ಹೆಸರು ಅರ್ನೆಟಾ ಬೌಲ್‌ವೇರ್. ಅಂಚೆ ಕೋಣೆಯಲ್ಲಿ ಕೆಲಸ. ನೆಲಮಾಳಿಗೆ, ಕಿಟಕಿ ಇಲ್ಲ. ಬೆಳಿಗ್ಗೆ ಆರಕ್ಕೆ ಲಾರಿ ಬರುತ್ತಿತ್ತು. ಚೀಲ ಇಳಿಸು. ಬಿಚ್ಚು. ವಿಂಗಡಿಸು. ಗಾಡಿಗೆ ತುಂಬು. ತಳ್ಳು. ಸಾಲದ ಕಡತಗಳ ಪೆಟ್ಟಿಗೆ ಒಂದೊಂದು ಹದಿನೆಂಟು ಕಿಲೋ. ದಿನಕ್ಕೆ ಅರವತ್ತು ಎತ್ತಿದ್ದೂ ಇದೆ. ಗಾಡಿಯ ಮುಂದಿನ ಎಡ ಚಕ್ರ ಒಂದು ಕಡೆಗೆ ಎಳೆಯುತ್ತಿತ್ತು. ಅದನ್ನು ನೇರ ಇಡಲು ಬಲ ಮಂಡಿಯ ಮೇಲೆ ಭಾರ ಹಾಕಬೇಕು. ಮೂವತ್ತೈದು ವರ್ಷ ಹಾಕಿದೆ. ಚಕ್ರ ಸರಿ ಮಾಡಿಸಿ ಎಂದು ಬರೆದುಕೊಟ್ಟಿದ್ದೆ. ಆ ಅರ್ಜಿಯನ್ನು ಮೇಲಿನ ಮಹಡಿಗೆ ನಾನೇ ತಲುಪಿಸಿದ್ದೆ.

ಷೇರು ಕೊಳ್ಳಿ ಎಂದು ನಮಗೆ ಹೇಳಿದವನು ಸಿಬ್ಬಂದಿ ವಿಭಾಗದ ಓಸ್ಟ್ರಾಂಡರ್. ನೆಲಮಾಳಿಗೆಗೆ ಅವನು ಇಳಿದು ಬಂದಿದ್ದು ಅದೊಂದೇ ಸಲ.

"ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡ್ಕೋತೀವಿ, ನಿಮಗೆ ಗೊತ್ತೂ ಆಗಲ್ಲ," ಎಂದ. "ನಿವೃತ್ತಿ ಹೊತ್ತಿಗೆ ಒಂದು ಗಂಟಾಗಿರುತ್ತೆ. ಇದರ ಹಿಂದೆ ಸರ್ಕಾರ ಇದೆ. ಕಲ್ಲುಬಂಡೆ."

ಪಕ್ಕದಲ್ಲಿ ಕ್ಲೀಟಸ್ ವಿಗ್‌ಫಾಲ್ ನಿಂತಿದ್ದ. ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವನು. ಅವನ ಕೈ ಯಾವಾಗಲೂ ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡಿರುತ್ತಿತ್ತು.

"ಗೊತ್ತಾಗಲ್ಲ ಅಂದ್ರೆ ಹೆಂಗೆ ಸ್ವಾಮಿ?" ಅಂದ ಕ್ಲೀಟಸ್. "ನನ್ನ ಸಂಬಳದಲ್ಲಿ ಒಂದು ಡಾಲರ್ ಕಮ್ಮಿಯಾದ್ರೂ ನನ್ನ ಹೆಂಡ್ತಿಗೆ ವಾಸನೆ ಬಡಿಯುತ್ತೆ."

ಎಲ್ಲರೂ ನಕ್ಕರು. ಓಸ್ಟ್ರಾಂಡರ್ ಕೂಡ ನಕ್ಕ. ಆಮೇಲೆ ಎಲ್ಲರೂ ಸಹಿ ಹಾಕಿದೆವು.

ನಾನು ಸಹಿ ಹಾಕಿದ್ದಕ್ಕೆ ಒಂದು ಕಾರಣ ಇತ್ತು. ನಮ್ಮಪ್ಪ ನಮ್ಮ ಬಡಾವಣೆ ಡೀನ್‌ವುಡ್ಡಿನಲ್ಲಿ ಮನೆ ಕೊಳ್ಳಲು ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದ. ಸೈನ್ಯದ ಪದಕ ಹಾಕಿಕೊಂಡು ಹೋಗಿದ್ದ. ಮ್ಯಾನೇಜರು ಕೂರಲು ಹೇಳಲಿಲ್ಲ. ಊರಿನ ನಕ್ಷೆ ತೆಗೆದು ನಮ್ಮ ಬೀದಿಗಳ ಸುತ್ತ ಎಳೆದಿದ್ದ ಗೆರೆ ತೋರಿಸಿದ. ಕರಿಯರಿರುವ ಕಡೆ ಸಾಲ ಇಲ್ಲ. ಅಪ್ಪ ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡು ಬಂದ. ಸಾಯುವವರೆಗೂ ಬಾಡಿಗೆ ಮನೆ. ಅಪ್ಪನಿಗೆ ಸಾಲ ಕೊಡದವರ ಸಾಲವನ್ನೇ ಕೊಳ್ಳುವ ಕಂಪನಿಯಲ್ಲಿ ನನಗೊಂದು ಪಾಲು ಇರಲಿ ಅನ್ನಿಸಿತು. ಅಷ್ಟೇ.

ಒಂದೊಂದೇ ಷೇರು ಸೇರಿತು. ಕೆಲವು ತಿಂಗಳು ಅರ್ಧ ಷೇರು. ಷೇರಿಗೆ ನಲವತ್ತು ಡಾಲರ್ ಕೊಟ್ಟಿದ್ದೇನೆ, ಎಪ್ಪತ್ತೂ ಕೊಟ್ಟಿದ್ದೇನೆ. ಒಟ್ಟು ಮುನ್ನೂರ ಹನ್ನೆರಡಾಯಿತು. ಕ್ಲೀಟಸ್ ತೊಂಬತ್ತಕ್ಕೆ ನಿಲ್ಲಿಸಿದ. ಅವನ ಹೆಂಡತಿಗೆ ವಾಸನೆ ಬಡಿದಿತ್ತು.

ಮಾಲೀಕರಿಗೆ ವರ್ಷಕ್ಕೊಂದು ಸಭೆ. ನನಗೂ ಕರೆಯೋಲೆ ಬಂತು, ದಪ್ಪ ಕಾಗದ, ಬಂಗಾರದ ಅಂಚು. ಅದನ್ನು ಅಂಚೆ ಚೀಲದಿಂದ ನಾನೇ ವಿಂಗಡಿಸಿ ನನಗೆ ನಾನೇ ಕೊಟ್ಟುಕೊಂಡೆ. ರಜೆ ಹಾಕಿದೆ. ಚರ್ಚಿಗೆ ಉಡುವ ನೀಲಿ ಬಟ್ಟೆ ಉಟ್ಟೆ. ಸಭೆ ಒಂದು ದೊಡ್ಡ ಹೋಟೆಲಿನಲ್ಲಿ. ಬಾಗಿಲಿನವನು ನನ್ನನ್ನು ನೋಡಿ, "ಕೆಲಸದವರು ಹಿಂದಿನ ಬಾಗಿಲಿಗೆ ಹೋಗ್ಬೇಕು," ಅಂದ. ಕರೆಯೋಲೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ ಬಿಟ್ಟ. ಒಳಗೆ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಒಬ್ಬ ಹೆಂಗಸು ಮಾತಾಡುತ್ತಲೇ, ನನ್ನ ಮುಖ ನೋಡದೆ, ಖಾಲಿ ಗ್ಲಾಸನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಅವಳ ಗಂಡನೂ ಒಂದು ಕೊಟ್ಟ. ಎರಡು ಕೈಯಲ್ಲಿ ಎರಡು ಗ್ಲಾಸು ಹಿಡಿದು ನಿಂತೆ. ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅಡುಗೆಮನೆ ಹುಡುಕಿ ಇಟ್ಟು ಬಂದೆ. ಬಂದು ಮೂರನೇ ಸಾಲಿನಲ್ಲಿ ಕುಳಿತೆ. ವೇದಿಕೆಯ ಮೇಲಿದ್ದವರು, "ಗೌರವಾನ್ವಿತ ಮಾಲೀಕರೇ," ಎಂದರು. ನನ್ನ ಪಕ್ಕದ ಎರಡು ಕುರ್ಚಿ ಕೊನೆಯವರೆಗೂ ಖಾಲಿ ಇದ್ದವು.

ಎರಡು ಸಾವಿರದ ಎಂಟು, ಸೆಪ್ಟೆಂಬರ್, ಭಾನುವಾರ. ಚರ್ಚು ಮುಗಿಸಿ ಬಂದು ಕೋಳಿ ಹುರಿಯುತ್ತಿದ್ದೆ. ಟೀವಿಯಲ್ಲಿ ಹೇಳಿದರು, ಕಂಪನಿಯನ್ನು ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿದೆ. ಕೊಂಡ ಸಾಲಗಳು ಮುಳುಗಿವೆಯಂತೆ. ಖಜಾನೆಯಿಂದ ಹಣ ಹಾಕುತ್ತಾರಂತೆ. ಸೋಮವಾರ ಸಂಜೆ ಹೊತ್ತಿಗೆ ನನ್ನ ಷೇರು ಒಂದಕ್ಕೆ ಒಂದು ಡಾಲರೂ ಇರಲಿಲ್ಲ. ಲಾಭಾಂಶ ನಿಂತಿತು. ಮಾಲೀಕರ ಸಭೆ ನಿಂತಿತು. ಮೇಲಿನ ಮಹಡಿಯ ಇಬ್ಬರು ಮೂವರು ದೊಡ್ಡವರು ಕೆಲಸ ಬಿಟ್ಟರು. ಅವರಿಗೆ ಬೀಳ್ಕೊಡುಗೆಯ ಹಣದ ಪತ್ರ ಬಂದಿತ್ತು. ಲಕೋಟೆ ತೆಳ್ಳಗಿತ್ತು. ದೊಡ್ಡ ಮೊತ್ತಕ್ಕೆ ಒಂದೇ ಹಾಳೆ ಸಾಕು.

ನಾನು ಐವತ್ತೈದಕ್ಕೆ ಕೆಲಸ ಬಿಡಬೇಕೆಂದಿದ್ದೆ. ಬಿಡಲಾಗಲಿಲ್ಲ. ಆ ವರ್ಷಗಳಲ್ಲಿ ಅಂಚೆ ಎರಡರಷ್ಟಾಯಿತು. ಮನೆ ಕಳೆದುಕೊಂಡವರ ಕಾಗದಗಳು. ಕೈಬರಹದವು. ಪೆಟ್ಟಿಗೆ ಪೆಟ್ಟಿಗೆ. ಎತ್ತಿದೆ. ತಳ್ಳಿದೆ.

ಆಮೇಲೆ ಕಂಪನಿ ಚೇತರಿಸಿಕೊಂಡಿತು. ಲಾಭ ಬರತೊಡಗಿತು. ಕ್ಲೀಟಸ್ ಕ್ಯಾಂಟೀನಿನಿಂದ ಓಡಿಬಂದು ಹೇಳಿದ. ದೊಡ್ಡವರು ಊಟ ಮಾಡುವಾಗ ತಟ್ಟೆ ಎತ್ತುವವನಿಗೆ ಕಿವಿ ಇಲ್ಲ ಎಂದುಕೊಂಡಿರುತ್ತಾರೆ.

"ಅರ್ನೆಟಾ, ನಮ್ಮ ಕಂಪನಿ ಎದ್ದು ಕೂತಿದೆ ಕಣೇ! ದುಡ್ಡೋ ದುಡ್ಡು!"

"ನಮ್ಮ ಪಾಲು?"

"ಅದನ್ನ ಯಾರೂ ಮಾತಾಡ್ಲಿಲ್ಲ."

ಮಾತಾಡದಿರಲು ಕಾರಣ ಇತ್ತು. ಸರ್ಕಾರ ಹೊಸ ನಿಯಮ ಮಾಡಿತ್ತು. ಮೂರು ತಿಂಗಳಿಗೊಮ್ಮೆ ಕಂಪನಿಗೆ ಎಷ್ಟು ಲಾಭ ಬರುತ್ತದೋ ಅಷ್ಟೂ ಖಜಾನೆಗೆ. ಮಾಲೀಕರಿಗೆ ಸೊನ್ನೆ. ಅಷ್ಟು ಕೊಟ್ಟರೂ ಖಜಾನೆ ಮೊದಲು ಹಾಕಿದ ಅಸಲಿನಲ್ಲಿ ಒಂದು ಡಾಲರೂ ತೀರುವುದಿಲ್ಲ. ತೀರದಂತೆಯೇ ಬರೆದಿದ್ದರು.

ಈ ಲೆಕ್ಕ ನಮಗೆ ಹೊಸದಲ್ಲ. ನನ್ನ ಅಜ್ಜ ದಕ್ಷಿಣ ಕೆರೊಲಿನಾದಲ್ಲಿ ಬಿಳಿಯನ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದ. ಹತ್ತಿ ಅಜ್ಜನದು, ಲೆಕ್ಕದ ಪುಸ್ತಕ ಧಣಿಯದು. ಬೆಳೆ ಕಮ್ಮಿಯಾದ ವರ್ಷ ಸಾಲ. ಬೆಳೆ ಚೆನ್ನಾದ ವರ್ಷವೂ ಸಾಲ. ಅಜ್ಜ ಒಂದು ಬೆಳಗಿನ ಜಾವ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಾಷಿಂಗ್ಟನ್ನಿಗೆ ಓಡಿಬಂದ. ಖಜಾನೆ ಇರುವ ಊರಿಗೆ.

ಸಿಬ್ಬಂದಿ ಸಭೆಯಲ್ಲಿ ನಾನು ಕೈ ಎತ್ತಿ ಕೇಳಿದೆ. "ಮಾಲೀಕರ ಗತಿ ಏನು?" ಹೊಸ ಅಧಿಕಾರಿ ಸುತ್ತ ನೋಡಿದ. ಯಾವ ಮಾಲೀಕರು ಎಂದು ಅವನಿಗೆ ಹೊಳೆಯಲಿಲ್ಲ. ಆಮೇಲೆ, "ಓ, ಷೇರುದಾರರಾ?" ಅಂದ. "ಅವರ ಹಿತ ನೋಡೋದು ಈಗ ನಮ್ಮ ಕೆಲಸದಲ್ಲಿ ಬರಲ್ಲ." ಮುಂದಿನ ಪ್ರಶ್ನೆ ಕ್ಯಾಂಟೀನಿನ ಕಾಫಿಯ ಬಗ್ಗೆ ಇತ್ತು. ಅದಕ್ಕೆ ಹತ್ತು ನಿಮಿಷ ಉತ್ತರ ಕೊಟ್ಟ.

ಮೂವತ್ತೈದು ವರ್ಷ ತುಂಬಿದ ಮೇಲೆ ಬಿಟ್ಟೆ. ಒಂದು ಕೇಕು ಕತ್ತರಿಸಿದರು. ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದರು. ತಿಂದೆ.

ಷೇರುದಾರರು ಕೋರ್ಟಿಗೆ ಹೋಗಿದ್ದಾರೆ ಎಂಬುದು ನನಗೆ ಅಂಚೆಯಲ್ಲೇ ತಿಳಿದದ್ದು. ಎಲ್ಲರ ಪರವಾಗಿ ಒಂದೇ ಮೊಕದ್ದಮೆ. ವಕೀಲ ಪೆಲ್ಹಮ್. ಎಷ್ಟೋ ವರ್ಷ ಎಳೆಯಿತು. ವಿಚಾರಣೆ ಹತ್ತಿರ ಬಂದಾಗ ಪೆಲ್ಹಮ್ ನನಗೆ ಫೋನು ಮಾಡಿದ. ಬಹಳ ಸಿಹಿ ಮಾತು.

"ಮಿಸ್ ಅರ್ನೆಟಾ, ಜ್ಯೂರಿಗೆ ಒಂದು ಮುಖ ಬೇಕು. ನಮ್ಮ ಕಡೆ ದೊಡ್ಡ ದೊಡ್ಡ ಹಣಕಾಸು ಸಂಸ್ಥೆಗಳಿವೆ. ಅವರ ಮುಖ ನೋಡಿ ಯಾರೂ ಅಯ್ಯೋ ಅನ್ನಲ್ಲ."

"ನನ್ನ ಮುಖ ನೋಡಿ ಅಂತಾರಾ?"

"ಖಂಡಿತ," ಎಂದ. ಹೊಗಳಿಕೆ ಎಂದುಕೊಂಡಿದ್ದ.

ಹೇಗೆ ಬರಬೇಕು ಎಂದೂ ಹೇಳಿಕೊಟ್ಟ. ಚರ್ಚಿನ ಟೋಪಿ ಹಾಕಬೇಕು. ಮಂಡಿನೋವಿನ ಕೋಲು ತರಬೇಕು. ಸಿಟ್ಟು ಮಾಡಬಾರದು. ಕೋಲು ಹಿಡಿದು ಹೋದೆ, ಅದಿಲ್ಲದೆ ನಡೆಯಲಾರೆ. ಟೋಪಿ ಹಾಕಲಿಲ್ಲ.

ಕೋರ್ಟಿನ ಮೊದಲ ಬೆಂಚಿನಲ್ಲಿ ಹಣಕಾಸು ಸಂಸ್ಥೆಗಳವರು ಕೂತಿದ್ದರು. ಒಳ್ಳೆಯ ಬೂಟುಗಳು. ಅವರದು ಆದ್ಯತೆಯ ಷೇರು. ನಮ್ಮದು ಸಾಮಾನ್ಯ ಷೇರು. ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ, ಷೇರಿನಲ್ಲೂ ಮೇಲುಜಾತಿ ಕೀಳುಜಾತಿ ಇದೆ. ಅವರ ಎಲೆಗೆ ಮೊದಲು ಬಡಿಸಬೇಕು. ಉಳಿದರೆ ನಮಗೆ.

ಸರ್ಕಾರದ ವಕೀಲೆ ಎದ್ದಳು. ಚಿಕ್ಕ ವಯಸ್ಸು. ಒಳ್ಳೆಯ ಹುಡುಗಿಯೇ ಇರಬೇಕು.

"ಷೇರಿನ ಬೆಲೆ ಏರುತ್ತೆ, ಇಳಿಯುತ್ತೆ ಅನ್ನೋದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮನ್ನ ಯಾರೂ ಬಲವಂತ ಮಾಡಿರಲಿಲ್ಲ?"

"ಇಲ್ಲ."

"ಮತ್ತೆ ಇಳಿದಾಗ ದೂರು ಯಾಕೆ?"

"ಇಳಿದಿದ್ದಕ್ಕೆ ದೂರಿಲ್ಲಮ್ಮ. ಇಳಿದಾಗ ಸುಮ್ಮನಿದ್ದೆ. ಎದ್ದಾಗ ನನಗೆ ಕೊಡಲಿಲ್ಲ. ದೂರು ಅದಕ್ಕೆ."

ಅವಳು ತನ್ನ ಕಾಗದ ನೋಡಿದಳು. ಮಡಚಿ ಕೂತಳು.

ಜ್ಯೂರಿ ಹತ್ತು ದಿನದ ಮೇಲೆ ತೀರ್ಪು ಕೊಟ್ಟಿತು. ಷೇರುದಾರರಿಗೆ ಮಾಡಿದ್ದು ಅನ್ಯಾಯ. ಪೆಲ್ಹಮ್ ನನ್ನನ್ನು ಅಪ್ಪಿಕೊಂಡ. ಪರಿಹಾರ ಎಷ್ಟೆಂದು ಆಮೇಲೆ ಓದಿದರು. ಆದ್ಯತೆಯವರಿಗೆ ಕೋಟಿ ಕೋಟಿ. ಸಾಮಾನ್ಯರಿಗೆ ಷೇರಿಗೆ ಮೂರು ಸೆಂಟು.

ನನ್ನದು ಒಂಬತ್ತು ಡಾಲರ್ ಮೂವತ್ತಾರು ಸೆಂಟು. ಕ್ಲೀಟಸನದು ಎರಡು ಡಾಲರ್ ಎಪ್ಪತ್ತು. ಫೋಟೋ ತೆಗೆಯುವವರು ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ನಡುವೆ ನಿಲ್ಲಿಸಿದರು. ಪೆಲ್ಹಮ್ ಎಡಕ್ಕೆ, ಒಳ್ಳೆಯ ಬೂಟಿನವರು ಬಲಕ್ಕೆ. ನಗಿ ಎಂದರು. ಮಂಡಿ ನೋಯುತ್ತಿದೆ ಎಂದೆ.

ನಾಲ್ಕು ತಿಂಗಳಿಗೆ ನೋಟೀಸು ಬಂತು, ಹಣ ಹೇಗೆ ಹಂಚುತ್ತಾರೆ ಎಂದು. ಇಪ್ಪತ್ತೆಂಟು ಪುಟ. ನನಗೆ ಬೇರೆ ಕೆಲಸ ಇರಲಿಲ್ಲ. ಎಲ್ಲ ಓದಿದೆ. ಹತ್ತೊಂಬತ್ತನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹತ್ತು ಡಾಲರಿಗಿಂತ ಕಡಿಮೆ ಬರುವವರಿಗೆ ಚೆಕ್ ಕಳಿಸುವುದಿಲ್ಲ. ಅಂಚೆ ಮತ್ತಿತರ ಖರ್ಚಿಗೆ ಅದು ತಾಳುವುದಿಲ್ಲ. ಆ ಹಣವನ್ನು ಉಳಿದ ಷೇರುದಾರರಿಗೆ ಹಂಚುತ್ತಾರೆ.

ನಾನು ಅರವತ್ತನಾಲ್ಕು ಸೆಂಟು ಕಡಿಮೆ ಬಿದ್ದಿದ್ದೆ.

ಆ ಪುಟವನ್ನು ಎರಡನೇ ಸಲ ಓದಿದೆ. ಇದನ್ನು ಬರೆದದ್ದು ಸರ್ಕಾರವಲ್ಲ. ನನ್ನ ವಕೀಲ. ಕೆಳಗೆ ಅವನ ಸಹಿ ಇತ್ತು. ಸಿಟ್ಟು ಬಂತು. ಮೂವತ್ತೈದು ವರ್ಷ ಗಾಡಿ ತಳ್ಳುವಾಗ, ಗ್ಲಾಸು ಹಿಡಿದು ನಿಂತಾಗ, ಟೀವಿ ನೋಡಿದಾಗ ಬಾರದ ಸಿಟ್ಟು. ಆಕ್ಷೇಪಣೆ ಇರುವವರು ಬರೆದು ಕಳಿಸಬಹುದು ಎಂದು ಇಪ್ಪತ್ತಮೂರನೇ ಪುಟದಲ್ಲಿತ್ತು. ಬರೆದೆ. ಒಂದೇ ಸಾಲು. "ನನಗೆ ಆಕ್ಷೇಪಣೆ ಇದೆ, ಬಂದು ಹೇಳುತ್ತೇನೆ."

ಪೆಲ್ಹಮ್ ಮನೆಗೇ ಬಂದ. ಜನವರಿ. ನನ್ನ ಮನೆ ಬಿಸಿ ಮಾಡುವ ಯಂತ್ರ ಡಿಸೆಂಬರಿನಲ್ಲೇ ಕೆಟ್ಟಿತ್ತು. ಹೊಸದಕ್ಕೆ ಐದು ಸಾವಿರದ ಹತ್ತಿರ ಹೇಳಿದ್ದರು. ಅವನು ಸೋಫಾದ ಮೇಲೆ ಕೂತ. ಕೋಟು ತೆಗೆಯಲಿಲ್ಲ. ನಾನೂ ತೆಗೆದಿರಲಿಲ್ಲ. ಮಾತಾಡಿದರೆ ಇಬ್ಬರ ಬಾಯಿಂದಲೂ ಹಬೆ ಬರುತ್ತಿತ್ತು. ಕ್ಲೀಟಸ್ ಅಡುಗೆಮನೆಯ ಒಲೆಯ ಮುಂದೆ ಕೈ ಕಾಯಿಸುತ್ತ ಕೂತಿದ್ದ.

"ಮಿಸ್ ಅರ್ನೆಟಾ, ನೀವು ನಮಗೆ ಎಷ್ಟು ದೊಡ್ಡ ಉಪಕಾರ ಮಾಡಿದ್ದೀರಿ," ಎಂದ ಪೆಲ್ಹಮ್. "ಸಾಕ್ಷಿ ಹೇಳಿದ್ದಕ್ಕೆ ನಿಮಗೆ ಐದು ಸಾವಿರ ಗೌರವಧನ ಕೊಡಿಸ್ತೀನಿ."

"ಯಾವಾಗ?"

"ಈಗಲೇ ಬೇಕಾದ್ರೂ." ಒಂದು ಕಾಗದ ತೆಗೆದ. "ಇಲ್ಲಿ ಒಂದು ಸಹಿ."

ಓದಿದೆ. ನಾನು ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನನಗೆ ಪೂರ್ಣ ಮತ್ತು ನ್ಯಾಯಯುತ ಪರಿಹಾರ ಸಿಕ್ಕಿದೆ.

"ನನಗೆ ಐದು ಸಾವಿರ. ಕ್ಲೀಟಸ್‌ಗೆ?"

"ಅವರು ಸಾಕ್ಷಿ ಹೇಳಿಲ್ವಲ್ಲ."

"ನನ್ನ ಹಾಗೆ ಹತ್ತು ಡಾಲರ್ ಒಳಗಿನವರು ಎಷ್ಟು ಜನ?"

"ನೋಡಿ, ಅದು ಬೇರೆ ವಿಷಯ. ಎರಡು ಡಾಲರು, ನಾಲ್ಕು ಡಾಲರು. ಯಾರಿಗೂ ಗೊತ್ತೂ ಆಗಲ್ಲ."

ಒಳಗಿನಿಂದ ಕ್ಲೀಟಸ್ ಕೂಗಿದ. "ತಗೊಳ್ಳೇ ಅರ್ನೆಟಾ! ನನ್ನ ಎರಡು ಮುಕ್ಕಾಲು ಡಾಲರ್‌ಗೋಸ್ಕರ ನೀನು ಚಳಿಗೆ ಸಾಯ್ಬೇಡ. ನಿನ್ನ ಹೆಣ ಹೊರೋಕೆ ಅದಕ್ಕಿಂತ ಜಾಸ್ತಿ ಆಗುತ್ತೆ."

ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಬಹಳ ಹೊತ್ತು ಯೋಚಿಸಿದೆ. ಬೆರಳು ಸೆಟೆದುಕೊಂಡಿದ್ದವು. ಯಂತ್ರದ ಅಂಗಡಿಯವನ ಚೀಟಿ ಮೇಜಿನ ಮೇಲೇ ಇತ್ತು. ಪೆಲ್ಹಮ್ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆಗೆ ಚಾಚಿದ. ಪೆನ್ನು ತೆಗೆದುಕೊಂಡೆ. ಭಾರ ಇತ್ತು.

"ಈ 'ನ್ಯಾಯಯುತ' ಅನ್ನೋದನ್ನ ತೆಗೀತೀರಾ?"

"ತೆಗೆಯೋಕಾಗಲ್ಲ. ಅದಿದ್ರೇ ಕೋರ್ಟು ಒಪ್ಪೋದು."

"ಹಾಗಾದ್ರೆ ನಾನು ಒಪ್ಪಲ್ಲ."

ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟೆ. ಅವನು ಅದನ್ನು ಜೇಬಿಗೆ ಹಾಕಿಕೊಂಡ. ಇಷ್ಟು ಚಳಿಯಲ್ಲಿ ಹೇಗಿರುತ್ತೀರಿ ಎಂದು ಕೇಳಿದ. ಕೋಟು ಹಾಕಿಕೊಂಡು ಎಂದೆ.

ಅವನು ಹೋದ ಮೇಲೆ ಕ್ಲೀಟಸ್ ಬಂದು ಎದುರು ನಿಂತ. "ನಿನಗೆ ತಲೆ ಕೆಟ್ಟಿದೆ," ಅಂದ. ಆಮೇಲೆ ತನ್ನ ಮನೆಗೆ ಹೋಗಿ ಕೋಣೆ ಬಿಸಿ ಮಾಡುವ ಎರಡು ಹಳೆಯ ಹೀಟರು ತಂದ. ಒಂದು ಕೆಲಸ ಮಾಡಿತು.

ಹಂಚಿಕೆಯ ವಿಚಾರಣೆ ಫೆಬ್ರವರಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ನ್ಯಾಯಾಧೀಶೆ ವಯಸ್ಸಾದ ಹೆಂಗಸು, ಕನ್ನಡಕದ ಮೇಲಿಂದ ನೋಡುವವಳು. ಪೆಲ್ಹಮ್ ಅರ್ಧ ಗಂಟೆ ಮಾತಾಡಿದ. ಆಕ್ಷೇಪಣೆ ಎಂದು ನನ್ನ ಹೆಸರು ಕೂಗಿದರು. ಮೂರು ನಿಮಿಷ ಕೊಟ್ಟರು. ಮುಂದಕ್ಕೆ ಹೋಗಲು ಒಂದು ನಿಮಿಷ ಹಿಡಿಯಿತು. ಕೋಲಿನ ಸದ್ದು ಅಷ್ಟೇ ಕೇಳುತ್ತಿತ್ತು.

"ನಿಮ್ಮ ವಕೀಲರ ಯೋಜನೆಗೇ ನಿಮ್ಮ ಆಕ್ಷೇಪಣೆಯಾ?" ಎಂದು ಕೇಳಿದಳು.

"ಹೌದಮ್ಮ. ಅಂಚೆ ಖರ್ಚು ಜಾಸ್ತಿ ಅಂತ ಬರೆದಿದ್ದಾರೆ. ಅಂಚೆ ನನ್ನ ಕೆಲಸ. ಮೂವತ್ತೈದು ವರ್ಷ ಮಾಡಿದ್ದೀನಿ. ಒಂದು ಚೆಕ್ ಕಳಿಸೋಕೆ ಅರವತ್ತಾರು ಸೆಂಟಿನ ಸ್ಟ್ಯಾಂಪು. ಸಾವಿರಾರು ಒಟ್ಟಿಗೆ ಹಾಕಿದ್ರೆ ಇನ್ನೂ ಅಗ್ಗ. ನನಗೆ ಕಳಿಸಿದ ನೋಟೀಸು ಇಪ್ಪತ್ತೆಂಟು ಪುಟ. ಅದಕ್ಕೆ ಎರಡು ಡಾಲರ್ ಮೇಲೆ ಆಗಿದೆ, ಲಕೋಟೆ ಮೇಲೇ ಅಚ್ಚಾಗಿದೆ. ದುಡ್ಡು ಕೊಡಲ್ಲ ಅಂತ ಹೇಳೋಕೆ ಎರಡು ಡಾಲರ್ ಖರ್ಚು ಮಾಡಿದ್ದಾರೆ. ಕೊಡೋಕೆ ಅರವತ್ತಾರು ಸೆಂಟು ಇಲ್ವಾ?"

ಹಿಂದೆ ಯಾರೋ ಕೆಮ್ಮಿದರು. ನ್ಯಾಯಾಧೀಶೆ ನಗಲಿಲ್ಲ.

"ಮಿಸ್ಟರ್ ಪೆಲ್ಹಮ್, ಹತ್ತು ಡಾಲರ್ ಒಳಗಿನವರು ಎಷ್ಟು ಜನ?"

ಅವನು ಕಾಗದ ಹುಡುಕಿದ. "ನಲವತ್ತೊಂದು ಸಾವಿರ ಚಿಲ್ಲರೆ, ಯುವರ್ ಆನರ್."

"ಅವರ ಹಣ ಯಾರಿಗೆ ಹೋಗುತ್ತೆ?"

"ಉಳಿದವರಿಗೆ. ಅವರವರ ಷೇರಿನ ಪ್ರಮಾಣದಲ್ಲಿ."

"ಅಂದ್ರೆ ಹೆಚ್ಚು ಇದ್ದವರಿಗೆ ಹೆಚ್ಚು."

ಅವಳು ನನ್ನ ಕಡೆ ತಿರುಗಿದಳು. "ಇನ್ನೇನಾದ್ರೂ ಇದೆಯಾ?"

ಇತ್ತು. ಬರೆದುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಸರ್ಕಾರ ನನ್ನದನ್ನ ತಗೊಂಡು ಖಜಾನೆಗೆ ಹಾಕ್ತು. ಅದು ಅನ್ಯಾಯ ಅಂತ ಜ್ಯೂರಿ ಹೇಳ್ತು. ಈಗ ಇವರು ನನ್ನದನ್ನ ತಗೊಂಡು ಅವರಿಗೆ ಹಾಕ್ತಾರಂತೆ." ಮೊದಲ ಬೆಂಚು ತೋರಿಸಿದೆ. ಬೂಟುಗಳು ಸ್ವಲ್ಪ ಒಳಕ್ಕೆ ಸರಿದವು. "ನನ್ನ ಮುಖ ಬೇಕಿತ್ತು ಅಂದ್ರು, ಕೊಟ್ಟೆ. ಮುಖ ತಗೊಂಡ ಮೇಲೆ, ನೀನು ಲೆಕ್ಕಕ್ಕೇ ಬರಲ್ಲ ಅಂತಾರೆ. ನಾನು ಬರ್ತೀನಮ್ಮ. ಇಗೋ ಬಂದಿದ್ದೀನಿ."

ಮೂರು ನಿಮಿಷ ಮುಗಿಯಿತು ಎಂದು ಗುಮಾಸ್ತ ಹೇಳಿದ. ವಾಪಸು ಬಂದು ಕೂತೆ. ಕ್ಲೀಟಸ್ ತನ್ನ ಟೋಪಿಯನ್ನು ಬಿಗಿಯಾಗಿ ಹಿಂಡುತ್ತಿದ್ದ.

ಐದು ವಾರಕ್ಕೆ ಆದೇಶ ಬಂತು. ಹತ್ತು ಡಾಲರಿನ ಮಿತಿ ರದ್ದು. ಎಲ್ಲರಿಗೂ ಚೆಕ್ ಕಳಿಸಬೇಕು. ಎಲ್ಲರ ಚೆಕ್ಕಿನ ಲೆಕ್ಕ ಒಪ್ಪಿಸುವ ತನಕ ವಕೀಲರ ಫೀಸಿನ ಕೊನೆಯ ಕಂತು ಕೋರ್ಟಿನಲ್ಲೇ ಇರುತ್ತದೆ. ಷೇರಿಗೆ ಮೂರು ಸೆಂಟು ಮಾತ್ರ ಮೂರೇ ಸೆಂಟು. ಅದನ್ನು ಜ್ಯೂರಿ ಹೇಳಿ ಆಗಿತ್ತು. ಅದನ್ನು ಅವಳೂ ಮುಟ್ಟಲಿಲ್ಲ. ನಲವತ್ತು, ಎಪ್ಪತ್ತು ಡಾಲರ್ ಕೊಟ್ಟ ಷೇರಿಗೆ ಮೂರು ಸೆಂಟು ಹೇಗೆ ಪರಿಹಾರ ಎಂದು ನನಗೆ ಇವತ್ತಿಗೂ ಯಾರೂ ವಿವರಿಸಿಲ್ಲ.

ಚೆಕ್ ಬಂತು. ಒಂಬತ್ತು ಮೂವತ್ತಾರು. ತಿರುಗಿಸಿದೆ. ಹಿಂಬದಿಯಲ್ಲಿ ಅಚ್ಚಾಗಿತ್ತು, ಇದನ್ನು ನಗದು ಮಾಡುವ ಮೂಲಕ ನನಗೆ ಪೂರ್ಣ ಮತ್ತು ನ್ಯಾಯಯುತ ಪರಿಹಾರ ಸಿಕ್ಕಿದೆ ಎಂದು ಒಪ್ಪುತ್ತೇನೆ.

ಅದೇ ಮಾತು. ಅಡುಗೆಮನೆಯಿಂದ ಪೆನ್ನು ತಂದು 'ಪೂರ್ಣ ಮತ್ತು ನ್ಯಾಯಯುತ' ಎಂಬುದರ ಮೇಲೆ ಗೆರೆ ಎಳೆದೆ. ಕೆಳಗೆ ಸಹಿ ಹಾಕಿದೆ. ಬ್ಯಾಂಕಿಗೆ ಹೋದೆ.

ಕೌಂಟರಿನ ಹುಡುಗಿ ಚೆಕ್ ನೋಡಿದಳು. "ತಿದ್ದಿದ ಚೆಕ್ ತಗೊಳಕ್ಕೆ ಆಗಲ್ಲಮ್ಮ."

"ಮೊತ್ತ ತಿದ್ದಿಲ್ಲವಲ್ಲ."

"ಆದ್ರೂ ಆಗಲ್ಲ. ಒಂಬತ್ತು ಡಾಲರ್‌ಗೆ ಯಾಕಮ್ಮ ಇಷ್ಟು ತಲೆಬಿಸಿ? ಹೊಸದು ತರಿಸ್ಕೊಂಡು ಸುಮ್ನೆ ಸಹಿ ಹಾಕಿ."

ಹೊಸದು ತರಿಸಿಕೊಳ್ಳುವುದು ಒಳ್ಳೆಯ ಸಲಹೆಯೇ. ಚೆಕ್ಕನ್ನು ಪೆಲ್ಹಮ್‌ಗೆ ವಾಪಸು ಕಳಿಸಿದೆ. ಆ ಮಾತಿಲ್ಲದ ಚೆಕ್ ಕಳಿಸಿ ಎಂದು ಬರೆದೆ. ನಿವೃತ್ತರಾದ ನಾವು ತಿಂಗಳಿಗೊಮ್ಮೆ ಚರ್ಚಿನ ಕೆಳಗಿನ ಹಾಲಿನಲ್ಲಿ ಊಟಕ್ಕೆ ಸೇರುತ್ತೇವೆ. ಅಲ್ಲಿ ಹೇಳಿದೆ. ಕ್ಲೀಟಸ್ ಅಲ್ಲೇ ಜೇಬಿನಿಂದ ಚೆಕ್ ತೆಗೆದು ಗೆರೆ ಎಳೆದ. ಅವನ ಪಕ್ಕದಲ್ಲಿದ್ದ ಸ್ವಿಚ್‌ಬೋರ್ಡಿನವಳು ಎಳೆದಳು. ಕಾವಲುಗಾರ ಎಳೆದ. ಪೆನ್ನು ಮೇಜು ಸುತ್ತಿ ಬಂತು. ನಲವತ್ತಾರು ಚೆಕ್ಕು. ಒಂದೇ ದೊಡ್ಡ ಲಕೋಟೆಗೆ ಹಾಕಿ, ಸ್ವೀಕೃತಿ ರಸೀದಿ ಸಮೇತ ಕಳಿಸಿದೆ. ಲಕೋಟೆಯನ್ನು ಸರಿಯಾಗಿ ಅಂಟಿಸಿದೆ. ಅದು ನನಗೆ ಬರುತ್ತದೆ.

ಎರಡು ತಿಂಗಳು ಸದ್ದಿಲ್ಲ. ಆಮೇಲೆ ಪೆಲ್ಹಮ್‌ನ ಫೋನು.

"ಮಿಸ್ ಅರ್ನೆಟಾ, ದಯವಿಟ್ಟು. ಮಿಕ್ಕಿದ್ದೆಲ್ಲ ಮುಗೀತು. ನಿಮ್ಮ ನಲವತ್ತಾರರಿಂದ ಕಡತ ಮುಚ್ಚೋಕೆ ಆಗ್ತಿಲ್ಲ. ನಮ್ಮ ಆಫೀಸಿನ ಫೀಸು ಹಾಗೇ ನಿಂತಿದೆ."

"ಎಷ್ಟು ನಿಂತಿದೆ?"

ಕೇಳಬಾರದಿತ್ತು ಎನ್ನುವಂತೆ ಉಸಿರು ಬಿಟ್ಟ.

"ಬರೀ ಎರಡು ಪದಕ್ಕೆ ಇಷ್ಟೆಲ್ಲಾ ಬೇಕಾ?"

"ಎರಡು ಪದ ತೆಗೀರಿ. ಮುಗೀತು."

"ನಮೂನೆ ಬದಲಾಯಿಸ್ಬೇಕಂದ್ರೆ ಮತ್ತೆ ಕೋರ್ಟಿಗೆ ಹೋಗ್ಬೇಕು. ಸರ್ಕಾರದವರು ಒಪ್ಪಬೇಕು. ತಿಂಗಳುಗಟ್ಟಲೆ."

"ಹೋಗಿ. ನಾನು ಮನೇಲೇ ಇರ್ತೀನಿ."

ಏಳು ತಿಂಗಳು ಹಿಡಿಯಿತು. ಆ ಚಳಿಗಾಲವೂ ಒಂದೇ ಹೀಟರಿನಲ್ಲಿ ಕಳೆಯಿತು. ಎಡಗಾಲಿನ ಎರಡು ಬೆರಳು ಮರಗಟ್ಟಿದವು, ಈಗಲೂ ಹಾಗೇ ಇವೆ. ನಮ್ಮ ನಲವತ್ತಾರು ಜನರಲ್ಲಿ ಸ್ವಿಚ್‌ಬೋರ್ಡಿನವಳು ತೀರಿಕೊಂಡಳು. ಅವಳ ಮಗಳು ಗೆರೆ ಎಳೆದ ಚೆಕ್ಕಿನ ನಕಲನ್ನು ಜೋಪಾನ ಮಾಡಿಟ್ಟಿದ್ದಳು.

ಏಪ್ರಿಲಿನಲ್ಲಿ ಹೊಸ ಚೆಕ್ ಬಂತು. ತಿರುಗಿಸಿದೆ. "ಮೊತ್ತ ಸಂದಾಯವಾಗಿದೆ" ಎಂದಷ್ಟೇ ಇತ್ತು. ಅದು ನಿಜ. ಸಹಿ ಹಾಕಿದೆ.

ಕ್ಲೀಟಸನೂ ನಾನೂ ಒಟ್ಟಿಗೆ ಹೋಗಿ ನಗದು ಮಾಡಿಸಿದೆವು. ಎರಡೂ ಸೇರಿಸಿದರೆ ಹನ್ನೆರಡು ಡಾಲರ್ ಆರು ಸೆಂಟು. ಬೆನ್ನಿಂಗ್ ರಸ್ತೆಯ ಮೂಲೆಯಲ್ಲಿ ಕರಿದ ಮೀನಿನ ಅಂಗಡಿ. ಬ್ರೆಡ್ಡಿನ ನಡುವೆ ಮೀನಿಟ್ಟು ಕೊಡುತ್ತಾರೆ. ಎರಡಕ್ಕೆ ಸಾಲಲಿಲ್ಲ. ಒಂದನ್ನು ತೆಗೆದುಕೊಂಡು ಅರ್ಧ ಮಾಡಿ ಹೊರಗಿನ ಬೆಂಚಿನ ಮೇಲೆ ಕೂತೆವು. ಬಿಸಿಲಿತ್ತು.

"ಹೆಂಗಿದೆ?" ಅಂದ ಕ್ಲೀಟಸ್, ಬಾಯಿ ತುಂಬ ತುಂಬಿಕೊಂಡು.

"ಉಪ್ಪು ಕಮ್ಮಿ."

"ಇರ್ಲಿ ಬಿಡೇ. ತಿನ್ನು ಸುಮ್ನೆ."

ನಾನು ಕೋಲು ಊರಿ ಎದ್ದು ಕೌಂಟರಿಗೆ ಹೋದೆ.